ಸೊನ್ನಿ ನೋಡ್ರಿ

ಸೊನ್ನಿ ನೋಡ್ರಿ, ಅಂತೀನಿ.
ದಿನಕ್ಕ ಮುನ್ನೂರು ಸಲ. ಕನ್ನಡದಾಗ, ಕೊಂಕಣಿಯಾಗ,
ಕೇರಳದ ಗಾಡಿ ಬಂದ್ರ ಬರೇ ಬೆರಳು ಮಾಡಿ.
ಸೊನ್ನಿ ನೋಡೂದು ಗಿರಾಕಿ ಹಕ್ಕು,
ಗ್ವಾಡಿ ಮ್ಯಾಲ ಬರದೈತಿ.

ಪೊಳೆಂ ನಾಕಾದ ಈಕಡೆ ನಮ್ಮ ಪಂಪು, ಗೋವಾ.
ಆಕಡೆ ಮಾಜಾಳಿ, ಕರ್ನಾಟಕ.
ನಡುವ ಒಂದು ಗೇಟು, ಮಲಕೊಂಡ ನಾಯಿ.
ಎಣ್ಣಿ ಒಂದ, ದರ ಎರಡು.
ಕಾರವಾರದ ಮಂದಿ ನಾಕು ರೂಪಾಯಿ ಉಳಸಾಕ
ಎಂಟು ರೂಪಾಯಿ ಸುಟ್ಕೊಂಡು ಬರ್ತಾರ.

ಆವತ್ತ ರಾತ್ರಿ ಟಿವಿಯಾಗ ಹೇಳಿದ್ರು:
ಮುಂಜಾನಿ ಆರರಿಂದ ಏಳು ರೂಪಾಯಿ ಇಳಿಕಿ,
ಎಣ್ಣಿ ಕಂಪನಿಗಳ ಹೆಚ್ಚಿನ ಲಾಭದ ಮ್ಯಾಲ ಹೊಸಾ ತೆರಿಗಿ.
ಲಾಭ ಎಷ್ಟಂತನೂ ತೋರಿಸಿದ್ರು. ಪರದೆ ಸಾಲಲಿಲ್ಲ,
ಕಡೀ ಮೂರು ಸೊನ್ನಿ
ಸುದ್ದಿ ಓದೂ ಹುಡಿಗಿ ಭುಜದ ಹಿಂದ ಹೋದ್ವು.
ಊಟಾ ಬಿಟ್ಟು ಎಣಸಾಕ ಹತ್ತಿದೆ,
ಎಣಸೂದರಾಗ ಕ್ರಿಕೆಟ್ ಬಂತು.

ನಮ್ಮ ಮಾಲಕ ನಾಗೇಶ ಪ್ರಭುದೇಸಾಯಿ
ತಲಿ ಮ್ಯಾಲ ಕೈ ಹೊತ್ತು ಕುಂತಿದ್ದ.
ಸಂಜೀಗೆ ಇಳಿಸಿದ ಹನ್ನೆರಡು ಸಾವಿರ ಲೀಟರ್
ನೆಲದಾಗ ಐತಿ, ಹಳೇ ದರದ್ದು.
"ಎಂಬತ್ನಾಕು ಸಾವಿರ, ಹೊಳೆವ್ವಾ,
ನಾ ನಿದ್ದಿ ಮಾಡೂದರಾಗ ಆವಿ ಆಗತೈತಿ."
ಖರೇನ. ಕಂಪನಿಗೆ ಅಂತ ಬಿಟ್ಟ ಬಾಣ
ಮೊದಲ ಇವನ ಬರ್ಮುಡಾ ಕಿಸೇಕ ಚುಚ್ಚಿತ್ತು.

ಹತ್ತಕ್ಕ ಪಾಳಿ ಶುರು.
ಯಾರೂ ಹಾಕಸವಲ್ರು. ಇಂಜಿನ್ ಆರಿಸಿ, ಸೀಟು ಚಾಚಿ,
ಆರರ ದಾರಿ ಕಾಯಾಕ ಹತ್ತಿದ್ರು.
ಒಂದು ಕಾರಿನಾಗ ಕೂಸು ಅತ್ತು ಅತ್ತು ಮಲಗಿತು.
ಇನ್ನೊಂದರಾಗ ಬಾಟಲಿ ಬಿಚ್ಚಿದ್ರು.
ಸೊಳ್ಳಿ ಅಷ್ಟ ಆರರ ತನಕಾ ಕಾಯಲಿಲ್ಲ.

ಮೂರೂವರಿಗೆ ಮೋಹಿನಿ ಹರಿಕಂತ್ರ ಬಂದ್ಲು, ಸ್ಕೂಟರ್ ನೂಕ್ಕೋತ.
ಹಿಂದ ಎರಡು ಥರ್ಮಾಕೋಲ್ ಪೆಟ್ಟಿಗಿ,
ದಾರಿ ಉದ್ದಕ್ಕೂ ನೀರಿನ ಗೆರಿ.
ಎರಡು ಲೀಟರ್, ಅಂದ್ಲು.
ಆರಕ್ಕ ಇಳೀತೈತಿ ಅಕ್ಕಾ, ಅಂದೆ.
"ಬರ್ಫಕ್ಕ ಯಾರು ಹೇಳ್ಯಾರ ಆರು ಅಂತ?
ಐದಕ್ಕ ಚಾವ್ಡಿ ಬಜಾರದಾಗ ಇರಬೇಕು ನಾ."
ಪಾಳಿಯಾಗಿನ ಒಬ್ಬಾಂವ ಗಾಜು ಇಳಿಸಿ ನಕ್ಕ.
ಸೊನ್ನಿ ನೋಡು, ಅಂದೆ. ನೋಡಿದ್ಲು.
ಇಡೀ ರಾತ್ರಿಯಾಗ ಹಳೇ ದರ ಕೊಟ್ಟಾಕಿ ಆಕಿ ಒಬ್ಬಾಕಿನ.
ಹದಿನಾಕು ರೂಪಾಯಿ ಹೆಚ್ಚಿಗಿ.
ಹೋಗೂ ಮುಂದ ಪೆಟ್ಟಿಗಿ ತಗದು
ನನಗ ಎರಡು ಬಂಗಡಿ ಕೊಟ್ಟು ಹೋದ್ಲು.
ಯಾಕಂತ ಇನ್ನೂ ತಿಳಿದಿಲ್ಲ ನನಗ.

ಐದೂವರಿಗೆ ಬೋರ್ಡಿಗೆ ಏಣಿ ಹಚ್ಚಿದೆ.
ರೂಪಾಯಿಗೆ ಎರಡ ಅಂಕಿ ಜಾಗಾ ಅದರಾಗ.
ನೂರು ದಾಟಿದ ವರ್ಷ ಆ ಒಂದನ್ನ
ಚೌಕಟ್ಟಿನ ಹೊರಗ, ತಂತಿ ಬಿಗದು ತೂಗಹಾಕಿದ್ವಿ.
ತಂತಿ ತುಕ್ಕು ಹಿಡದಿತ್ತು. ಇಕ್ಕಳ ಹಾಕಿ ತಿರುವಿದೆ,
ತಿರುವಿದೆ, ಒಂದು ಕೈಗೆ ಬಂತು.
ಬೆನ್ನಿಗೆ ಹಲ್ಲಿ ತತ್ತಿ ಎರಡು,
ಬೆಳ್ಳಗ, ದುಂಡಗ, ಅಂಟಿಕೊಂಡು.
ಒಂದು, ಅದರ ಹಿಂದ ಎರಡು ಸೊನ್ನಿ.
ಏಣಿ ಮ್ಯಾಲ ಒಬ್ಬಾಕಿನ ನಗಾಕ ಹತ್ತಿದೆ.
ಕೆಳಗ ಹಾರ್ನ ಮ್ಯಾಲ ಹಾರ್ನು.

"ಒಗೀಬ್ಯಾಡ," ಅಂದ ಮಾಲಕ, ಆಕಳಿಸಿಕೋತ,
"ಸ್ಟೋರಿನಾಗ ಇಡು. ಮತ್ತ ಬೇಕಾಗತೈತಿ."
ತತ್ತಿ ಒಡೀದಂಗ ಗ್ವಾಡಿಗೆ ಆನಿಸಿಟ್ಟೆ,
ಬಂಗಡಿ ಚೀಲದ ಬಾಜೂಕ.

ಆರು ಆತು.
ಮೊದಲನೇ ಕಾರು, ರಾತ್ರಿ ನಕ್ಕಾಂವಂದು.
ಫುಲ್ ಮಾಡು, ಅಂದ.
ಸೊನ್ನಿ ನೋಡ್ರಿ, ಅಂದೆ.
ಅಂವ ಮ್ಯಾಲ ಬೋರ್ಡ್ ನೋಡಾಕ ಹತ್ತಿದ್ದ.